ಬಿಡಿಬಿಡಿಗೆ ಹೊರಟ ಮಗಳಿಗೊಂದು ಪತ್ರ

ಮಗಳೇ,

ನೀನು ಮಿಷನ್ನಿನ ನೆರವಿನ ಕೆಲಸಕ್ಕೆ ಹೊರಟಿರುವ ಜಾಗದ ಹೆಸರು ಬಿಡಿಬಿಡಿ. ಉಗಾಂಡಾದ ಉತ್ತರದ ತುದಿಯಲ್ಲಿ, ಯುಂಬೆ ಜಿಲ್ಲೆಯಲ್ಲಿದೆ. ನಮ್ಮ ಕಿವಿಗೆ ಅದು ಕನ್ನಡದ ಮಾತಿನ ಹಾಗೇ ಕೇಳುತ್ತದೆ, ನೆನಪಿಡಲೂ ಸುಲಭ: ಅಲ್ಲಿ ಸೋಪು ಬೇರೆ, ಸುವಾರ್ತೆ ಬೇರೆ. ಎರಡೂ ಬಿಡಿಬಿಡಿಯಾಗಿಯೇ ಇರಬೇಕು.

ಯಾರ ನಡುವೆ ಹೋಗುತ್ತಿದ್ದೀಯ ಅನ್ನುವುದು ಮೊದಲು ತಿಳಿದಿರಲಿ. 2016ರ ಆಗಸ್ಟ್‌ನಲ್ಲಿ ತೆರೆದ ನಿರಾಶ್ರಿತರ ವಸತಿ ಅದು. ಡಿಸೆಂಬರ್ ಹೊತ್ತಿಗೆ ತುಂಬಿಹೋಗಿ ಹೊಸಬರನ್ನು ತೆಗೆದುಕೊಳ್ಳುವುದೇ ನಿಂತಿತು. ಬಹುತೇಕ ಎಲ್ಲರೂ ದಕ್ಷಿಣ ಸುಡಾನಿನಿಂದ ಓಡಿಬಂದವರು, ಅವರಲ್ಲಿ ಹೆಚ್ಚಿನವರು ಆಗಲೇ ಕ್ರೈಸ್ತರು. ಪಾಸ್ಟರು, ಕೀರ್ತನೆ, ಸ್ತ್ರೀಯರ ಸಂಘ ಎಲ್ಲವೂ ಅವರ ಜೊತೆಗೇ ಗಡಿ ದಾಟಿವೆ. ದಕ್ಷಿಣ ಸುಡಾನಿನ ಕಾಜೊ-ಕೆಜಿಯ ಎಪಿಸ್ಕೋಪಲ್ ಡಯೋಸಿಸ್ಸಂತೂ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ಪ್ರಾಂತ, 2017ರಲ್ಲಿ ಬಿಷಪ್ಪರ ಸಮೇತ ಉಗಾಂಡಾದ ಮೋಯೋ ಊರಿಗೆ ಬಂದು ಕೂತಿತು. ಇಂಥವರ ನಡುವೆ ಹೊರಗಿನ ಮಿಷನ್ನೊಂದು ಹೊಸ ಬೋರ್ಡು ನೆಟ್ಟರೆ, ಟಾರ್ಪಾಲಿನಡಿ ಕೂಡುವ ಹಳೆಯ ಕ್ರೈಸ್ತ ಸಭೆಯಿಂದ ಹತ್ತು ಮನೆ ಕಿತ್ತುಕೊಂಡಂತಾಯಿತೇ ಹೊರತು ಬೇರೇನಿಲ್ಲ. ಆದ್ದರಿಂದ ಅಲ್ಲಿಗೆ ಮುಟ್ಟಿದ ಮೊದಲ ವಾರವೇ ಅಲ್ಲಿಯ ಪಾಸ್ಟರುಗಳನ್ನು ಕಂಡು, ಅವರು ಏನು ಕೇಳುತ್ತಾರೋ ಅದನ್ನು ಬರೆದುಕೋ. ನಿನ್ನ ಪಟ್ಟಿಯನ್ನು ಚೀಲದಿಂದ ತೆಗೆಯಬೇಡ.

ಇನ್ನೊಂದು. ಜಾಗ ಬಿಟ್ಟುಕೊಟ್ಟ ಸ್ಥಳೀಯರು ಅರಿಂಗಾ ಜನ, ಹೆಚ್ಚಾಗಿ ಮುಸ್ಲಿಮರು. ಉಗಾಂಡಾದಲ್ಲಿ ನಿರಾಶ್ರಿತರಿಗೆಂದು ಬಂದ ನೆರವಿನಲ್ಲಿ ನೂರಕ್ಕೆ 30 ಪಾಲು ಸ್ಥಳೀಯರಿಗೂ ಹೋಗಬೇಕೆಂಬ ಪದ್ಧತಿಯಿದೆ. ಮಿಷನ್ನು ಕ್ರೈಸ್ತರಿಗಷ್ಟೇ ಕೊಟ್ಟರೆ ಮೊದಲು ಜಗಳ ಹತ್ತುವುದು ಬೋರಿನ ಹತ್ತಿರ, ಆಮೇಲೆ ಸೌದೆಗೆ. ಆ ಜಗಳದಲ್ಲಿ ಏಟು ತಿನ್ನುವವರು ಸೌದೆಗೆ ಹೋದ ಹೆಣ್ಣುಮಕ್ಕಳೇ ಹೊರತು ಹಂಚಿದವರಲ್ಲ.

ಸಾಮಾನು ಹಂಚುವ ದಿನದ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಹೆಚ್ಚು ಕೆಡುವುದು ಅಲ್ಲೇ. ಪ್ರಧಾನಿ ಕಚೇರಿಯ ಅಧಿಕಾರಿಯ ಒಪ್ಪಿಗೆ ಇಲ್ಲದೆ ಲಾರಿ ಇಳಿಸಬೇಡಿ, ಅಲ್ಲಿ ನಿರಾಶ್ರಿತರ ಆಡಳಿತ ಆ ಕಚೇರಿಯದೇ. ಹೆಸರಿನ ಪಟ್ಟಿಯನ್ನು ನಿರಾಶ್ರಿತರೇ ಆರಿಸಿದ ಸಮಿತಿಯೊಂದಿಗೆ ಕೂತು ತಾಳೆ ನೋಡಿ. ಯಾರಿಗೆ, ಏನು, ಎಷ್ಟು ಅನ್ನುವುದನ್ನು ಎರಡು ದಿನ ಮೊದಲೇ ಸಾರಿಸಿ. ಸೋಪಿನ ಲೆಕ್ಕ ತಲೆಗೆ ತಿಂಗಳಿಗೆ 250 ಗ್ರಾಂ ಮೈಸೋಪು, 200 ಗ್ರಾಂ ಬಟ್ಟೆಸೋಪು. ಪಟ್ಟಿಗಿಂತ ನೂರಕ್ಕೆ ಹತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ಕೊನೆಯ ಐವತ್ತು ಜನಕ್ಕೆ ಮುಗಿಯಿತು ಅಂದಾಗಲೇ ನೂಕುನುಗ್ಗಲು ಶುರು. ಬಸುರಿಯರಿಗೆ, ಮುದುಕರಿಗೆ ಬೇರೆ ಸಾಲು, ನೆರಳು, ಕುಡಿಯುವ ನೀರು. ದೂರು ಕೇಳುವ ಮೇಜಿನಲ್ಲಿ ಹಂಚುವವರು ಕೂರಬಾರದು, ತನ್ನ ಮೇಲಿನ ದೂರನ್ನು ತಾನೇ ಯಾರು ಬರೆದುಕೊಳ್ಳುತ್ತಾರೆ?

ಇದೆಲ್ಲ ನಡೆಯಬೇಕಾದ್ದು ಸಭೆಯ ಅಂಗಳದಲ್ಲಲ್ಲ, ಭಾನುವಾರವಂತೂ ಅಲ್ಲ. ಹಂಚುವ ಮೊದಲು 'ಒಂದು ಚಿಕ್ಕ ಪ್ರಾರ್ಥನೆ' ಅನ್ನುವವರು ನಿಮ್ಮ ತಂಡದಲ್ಲೇ ಇರುತ್ತಾರೆ. ಬೇಡ ಅನ್ನು. ಬಿಸಿಲಲ್ಲಿ ಮಗು ಎತ್ತಿಕೊಂಡು ಸಾಲಿನಲ್ಲಿ ನಿಂತವಳಿಗೆ ಆ ಪ್ರಾರ್ಥನೆ ಸೋಪಿನ ಬೆಲೆಯಾಗಿ ಕಾಣುತ್ತದೆ. ಆಮೆನ್ ಅನ್ನುತ್ತಾಳೆ, ಅನ್ನದೆ ಇನ್ನೇನು ಮಾಡಿಯಾಳು? 1994ರಲ್ಲಿ ರೆಡ್‌ಕ್ರಾಸ್ ಮತ್ತು ನೆರವಿನ ಸಂಸ್ಥೆಗಳು ಒಪ್ಪಿದ ನಡತೆಯ ನಿಯಮಗಳಲ್ಲಿ ಮೂರನೆಯದು ಇದೇ: ನೆರವನ್ನು ಧರ್ಮದ ಅಥವಾ ರಾಜಕೀಯದ ಪ್ರಚಾರಕ್ಕೆ ಬಳಸಕೂಡದು. ಕೇಳಿದವರಿಗೆ ನಿನ್ನ ನಂಬಿಕೆಯನ್ನು ಹೇಳಲು ಯಾರ ಅಡ್ಡಿಯೂ ಇಲ್ಲ. ಬೇರೆ ದಿನ, ಬೇರೆ ಜಾಗದಲ್ಲಿ, ಖಾಲಿ ಕೈಯಲ್ಲಿ ಹೇಳು.

ದುಡ್ಡು ಉಳಿದರೆ ಬೈಬಲ್ ಪೆಟ್ಟಿಗೆ ತರಿಸುವ ಬದಲು ಹಿಟ್ಟಿನ ಗಿರಣಿಯ ಕಡೆ ನೋಡು. ಪೂರ್ತಿ ಪಡಿತರವೆಂದರೆ ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯ, ಆರು ಜನರ ಮನೆಗೆ ತಿಂಗಳಿಗೆ 72 ಕಿಲೋ. 2020ರಿಂದ ಅದಕ್ಕೂ ಕತ್ತರಿ ಬಿದ್ದಿದೆ. ಕಾಳು ಕೊಟ್ಟಾಗ ಅದು ಹೆಚ್ಚಾಗಿ ಇಡೀ ಮೆಕ್ಕೆಜೋಳ. ಬೀಸುವ ಕೂಲಿಗೆ ಕಾಸಿಲ್ಲದೆ ಅದೇ ಕಾಳಿನಲ್ಲಿ ಒಂದು ಪಾಲು ಮಾರುತ್ತಾರೆ, ಅಂದರೆ ಕತ್ತರಿಸಿದ ಪಡಿತರಕ್ಕೆ ಇನ್ನೊಂದು ಕತ್ತರಿ. ಸಭೆ ಗಿರಣಿ ಹಾಕಿದರೆ ಕೂಲಿ ಇಳಿಯುತ್ತದೆ, ಆದರೆ ಪುಕ್ಕಟೆ ಬೀಸಬೇಡಿ. ಪುಕ್ಕಟೆ ಗಿರಣಿ ಬೇಗ ಕೆಟ್ಟು ನಿಲ್ಲುತ್ತದೆ, ರಿಪೇರಿಗೆ ಪೆಟ್ಟಿಗೆಯಲ್ಲಿ ಬಿಡಿಗಾಸಿರುವುದಿಲ್ಲ. ಹಸಿ ಕಾಳು ಹಾಕಿದರೆ ಜರಡಿ ಕಟ್ಟಿ ಯಂತ್ರ ಬಿಸಿಯೇರುತ್ತದೆ, ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನುವಷ್ಟು ಒಣಗಿರಬೇಕು. ಒಳಗೆ ಕಾಳು ಬಡಿದು ಪುಡಿಮಾಡುವ ಬಡಿಗಳು ಒಂದು ಅಂಚು ಸವೆದರೆ ತಿರುಗಿಸಿ ಹಾಕಬಹುದು, ಒಂದನ್ನಷ್ಟೇ ಬದಲಿಸಿದರೆ ತೂಕ ತಪ್ಪಿ ಗಡಗಡ ಅನ್ನುತ್ತದೆ. ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲಿರಲಿ. ಕಾಳು ಹೊತ್ತು ಬರುವವರು ಅವರೇ.

ನೀನು ನರ್ಸಿಂಗ್ ಓದಿದವಳು, ಆದರೂ ಮಕ್ಕಳ ಅಪೌಷ್ಟಿಕತೆ ಅಳೆಯುವ ಬಣ್ಣದ ತೋಳಿನ ಪಟ್ಟಿಯ ಬಗ್ಗೆ ಒಂದು ಮಾತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗು, ಎಡತೋಳು, ಹೆಗಲಿಗೂ ಮೊಳಕೈಗೂ ನಡುಮಧ್ಯೆ. ಅಳೆಯುವಾಗ ತೋಳು ಸಡಿಲವಾಗಿ ಇಳಿಬಿಟ್ಟಿರಬೇಕು. ಹೊಸ ಸ್ವಯಂಸೇವಕರು ಪಟ್ಟಿಯನ್ನು ಎಳೆದು ಬಿಗಿದು ಹಳದಿ ಮಗುವನ್ನು ಕೆಂಪು ಮಾಡಿಬಿಡುತ್ತಾರೆ. 115 ಮಿಲಿಮೀಟರಿಗಿಂತ ಕಡಿಮೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ; 125ರವರೆಗೆ ಹಳದಿ, ಅಂದರೆ ಮಧ್ಯಮ. ತೋಳು ದುಂಡಗಿದೆ ಎಂದು ಸಮಾಧಾನಪಡಬೇಡ. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತು. ಕುಳಿ ಹಾಗೇ ನಿಂತರೆ ಅದು ಅಪೌಷ್ಟಿಕತೆಯ ಬಾವು, ಪಟ್ಟಿ ಏನೇ ಹೇಳಲಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳಿಸು. ಅಂಥ ಮಗುವಿಗೆ ಔಷಧಿಯಂತೆ ಕೊಡುವ 92 ಗ್ರಾಮಿನ ಶೇಂಗಾ ಪೇಸ್ಟಿನ ಪ್ಯಾಕೆಟ್ಟನ್ನು ಮನೆಯಲ್ಲಿ ಎಲ್ಲ ಮಕ್ಕಳೂ ಹಂಚಿಕೊಂಡು ತಿನ್ನುತ್ತಾರೆ, ತೂಕ ಏರದಿದ್ದಾಗ ತಾಯಿಯನ್ನು ಗದರುವ ಮೊದಲು ಮನೆಯಲ್ಲಿ ಬೇರೆ ಊಟ ಏನಿದೆ ಕೇಳು.

ಕಿಟೆಲ್ಲರು ನಮ್ಮ ನಾಡಿಗೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಿನಗೆ ಅಷ್ಟು ಕಾಲವಿಲ್ಲ. ಜುಬಾ ಅರಬ್ಬಿಯಲ್ಲಿ ನೂರಿನ್ನೂರು ಮಾತು ಕಲಿತುಕೋ, ಅದು ಹಲವು ಬುಡಕಟ್ಟುಗಳಿಗೆ ನಡುಮಾತು. ಉಳಿದದ್ದಕ್ಕೆ ದುಭಾಷಿ ಬೇಕು. ಚಿಕ್ಕ ಚಿಕ್ಕ ವಾಕ್ಯ ಆಡು, ದುಭಾಷಿಯ ಮುಖ ನೋಡದೆ ಎದುರಿಗಿರುವವಳ ಮುಖ ನೋಡಿ ಮಾತಾಡು. ಮಕ್ಕಳನ್ನು ದುಭಾಷಿ ಮಾಡಬೇಡ. ಇಂಗ್ಲಿಷ್ ಬರುತ್ತದೆಂದು ಹತ್ತು ವರ್ಷದ ಹುಡುಗನ ಬಾಯಲ್ಲಿ ಅವನ ತಾಯಿಯ ಮೇಲಾದ ಅನ್ಯಾಯ ಹೇಳಿಸುವವರಿದ್ದಾರೆ.

'ಸಾಕ್ಷಿ' ಹೇಳಿಸುವ ಚಟವೂ ಬೇಡ. ಓಡಿಬಂದ ಕಥೆಯನ್ನು ಮೈಕಿನ ಮುಂದೆ ಹೇಳಿಸಿದರೆ ಕೇಳಿದವರಿಗೆ ಕಣ್ಣೀರು, ಹೇಳಿದವಳಿಗೆ ವಾರಗಟ್ಟಲೆ ನಿದ್ದೆಯಿಲ್ಲ. ಅವಳಾಗಿ ಹೇಳಿದರೆ ಕೇಳು. ಮಕ್ಕಳ ಮುಖದ ಫೋಟೋ ಕಾಣಿಕೆ ಕೊಟ್ಟವರಿಗೆ ಕಳಿಸಬೇಡ, ಗಿರಣಿಯ ಫೋಟೋ ಸಾಕು.

ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಹತ್ತು ದಿನ ಮೊದಲೇ ಆಗಿರಬೇಕು, ಚುಚ್ಚಿಸಿಕೊಂಡು ಹತ್ತು ದಿನ ಕಳೆಯುವವರೆಗೆ ಆ ಲಸಿಕೆ ಕಾರ್ಡು ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೋ. ಅದಿಲ್ಲದೆ ವಾಪಸು ಬಂದರೆ ಇಲ್ಲಿ ವಿಮಾನದಿಂದ ಇಳಿದವಳನ್ನು ಮನೆಗೆ ಬಿಡದೆ ಆರು ದಿನದವರೆಗೂ ಕ್ವಾರಂಟೈನಿನಲ್ಲಿ ಕೂರಿಸುತ್ತಾರೆ. ಸೊಳ್ಳೆಪರದೆ ಮರೆಯಬೇಡ.

ನಿನ್ನ ಅವ್ವ