ಮನೆಗೆ ಬನ್ನಿ: ಮಂಡ್ಯ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಮೈಸೂರಿನ ಸರಸ್ವತಿಪುರಂ ನಿವಾಸಿ. ನಿಮ್ಮ ಜಿಲ್ಲೆಯಲ್ಲಿ ನನಗೆ ಜಮೀನಿಲ್ಲ, ಖಾತೆ ಬದಲಾವಣೆಯ ಅರ್ಜಿಯಿಲ್ಲ, ನೆಂಟರೂ ಇಲ್ಲ. ಒಬ್ಬ ಸ್ನೇಹಿತನಿದ್ದ. ಕಳೆದ ಆಷಾಢದಲ್ಲಿ ತೀರಿಕೊಂಡ. ಅವನಿಗೆ ಇಪ್ಪತ್ತೆರಡು ವರ್ಷ. ತಾಯಿ ಬೇಡವೆಂದಿದ್ದರಿಂದ ಅವನ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವನು ಕೊಟ್ಟ ಐದು ಅರ್ಜಿಗಳ ಸ್ವೀಕೃತಿ ಚೀಟಿಗಳು ನನ್ನ ಬಳಿ ಇವೆ. ನೀವು ಕರೆದ ದಿನ ತಂದು ಮೇಜಿನ ಮೇಲೆ ಇಡುತ್ತೇನೆ.

ನಾನು ಕೇಳುತ್ತಿರುವುದು ಒಂದೇ ಒಂದು. ಹಾಸಿಗೆ ಬಿಟ್ಟು ಏಳಲಾಗದವರ ಪ್ರಮಾಣಪತ್ರದ ನವೀಕರಣಕ್ಕೆ, ಪಿಂಚಣಿಯ ಪರಿಶೀಲನೆಗೆ, ಬೆರಳ ಗುರುತು ಪಡೆಯುವುದಕ್ಕೆ ನಿಮ್ಮ ಸಿಬ್ಬಂದಿ ಅವರ ಮನೆಗೆ ಹೋಗಬೇಕು. ಅವರನ್ನು ಹೊತ್ತು ತರಿಸಬಾರದು.

ನಮ್ಮ ಸ್ನೇಹ ಆದದ್ದು ಮೊಬೈಲ್ ಆಟದಲ್ಲಿ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಎಂಬ ಆಟ. ನಿಮ್ಮ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ. 2019ರಲ್ಲಿ ನಾನು ಸೇರಿದ ತಂಡಕ್ಕೆ ಅವನೇ ನಾಯಕ. ಹುಬ್ಬಳ್ಳಿ, ಶಿರಸಿ, ಕೋಲಾರದಿಂದ ಹಿಡಿದು ದುಬೈವರೆಗೆ ಹರಡಿದ ಕನ್ನಡಿಗರ ತಂಡ. ಎದುರಾಳಿ ತಂಡದೊಡನೆ ಯುದ್ಧ ಬಿದ್ದರೆ ಒಬ್ಬೊಬ್ಬರಿಗೆ ಎರಡೇ ದಾಳಿ. ಯಾರು ಯಾವ ಕೋಟೆಯ ಮೇಲೆ, ಯಾವ ಮೂಲೆಯಿಂದ ನುಗ್ಗಬೇಕು ಎಂಬುದನ್ನು ಅವನು ಹಿಂದಿನ ರಾತ್ರಿಯೇ ಒಬ್ಬೊಬ್ಬರಿಗೂ ಬರೆದು ಕಳುಹಿಸುತ್ತಿದ್ದ, ತಿದ್ದಿ ಬರೆದ ಕನ್ನಡದಲ್ಲಿ. ತನ್ನ ಎರಡು ದಾಳಿಗಳನ್ನು ಆರು ವರ್ಷಗಳಲ್ಲಿ ಒಮ್ಮೆಯೂ ಬಿಟ್ಟವನಲ್ಲ. ಅಷ್ಟನ್ನೂ ಅವನು ಮಾಡುತ್ತಿದ್ದದ್ದು ಬಲಗೈಯ ಒಂದು ಹೆಬ್ಬೆರಳಿನಿಂದ ಎಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ನನ್ನ ತಂದೆ ತೀವ್ರ ನಿಗಾ ಘಟಕದಲ್ಲಿದ್ದಾಗ ಹನ್ನೊಂದು ರಾತ್ರಿ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಹನ್ನೊಂದು ರಾತ್ರಿಯೂ ಅವನು ಎಚ್ಚರವಿದ್ದು ನನ್ನೊಡನೆ ಮಾತನಾಡಿದ. "ನೀನು ಮಲಗುವುದಿಲ್ಲವೇ?" ಎಂದು ಕೇಳಿದರೆ, "ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತದೆ, ಬಿಡಿ" ಎನ್ನುತ್ತಿದ್ದ. ಮಾತಿನ ಹಿಂದೆ ಒಂದೇ ಸಮನೆ ಬುಸ್ ಎನ್ನುವ ಸದ್ದು ಕೇಳುತ್ತಿತ್ತು. ಹಳೆಯ ಟೇಬಲ್ ಫ್ಯಾನ್ ಇರಬೇಕು ಎಂದುಕೊಂಡಿದ್ದೆ. ಅದು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಸದ್ದು. ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತಿದ್ದದ್ದು ತಾಯಿ ಎದ್ದು ಅವನ ಮಗ್ಗುಲು ಬದಲಿಸುತ್ತಿದ್ದುದರಿಂದ. ಸ್ವತಃ ಹೊರಳಲು ಅವನಿಗೆ ಆಗುತ್ತಿರಲಿಲ್ಲ.

ಅವನಿಗಿದ್ದದ್ದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ನಾಯುಗಳನ್ನು ಕಾಪಾಡುವ ಒಂದು ಪ್ರೋಟೀನನ್ನು ದೇಹ ತಯಾರಿಸುವುದೇ ಇಲ್ಲ. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಮೂರು ನಾಲ್ಕನೆಯ ವಯಸ್ಸಿಗೆ ಎಡವತೊಡಗುತ್ತಾರೆ, ಹನ್ನೆರಡರ ಸುಮಾರಿಗೆ ಗಾಲಿಕುರ್ಚಿ ಸೇರುತ್ತಾರೆ, ಆಮೇಲೆ ಕೈ, ಉಸಿರು, ಹೃದಯ. ವಾಸಿ ಮಾಡುವ ಔಷಧವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಇದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಹೆಚ್ಚಿನ ಬೆಂಬಲ ಬೇಕಾದವರಿಗಾಗಿ ಅದೇ ಕಾಯ್ದೆಯಲ್ಲಿ 38ನೆಯ ಕಲಮು ಇರುವುದನ್ನೂ ಹೇಳಬೇಕಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ಹೀಗಾಗುತ್ತಿದೆ ಎಂಬುದೇ ನನ್ನ ಸಂಕಟ.

ಅವನ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಹಾಕಿ ಕೊಟ್ಟಿದ್ದರು. ಸ್ಥಿತಿ ಬದಲಾಗುವ ಸಾಧ್ಯತೆ ಇಲ್ಲದವರಿಗೆ ಮಾತ್ರ ಕಾಯಂ ಪತ್ರವಂತೆ. ದಿನೇ ದಿನೇ ಹೆಚ್ಚುವ ರೋಗವನ್ನೂ "ಬದಲಾಗುವ ಸ್ಥಿತಿ" ಎಂದು ಓದಿಕೊಂಡರೆ ಹೇಗೆ? ಅವಧಿ ಮುಗಿಯಿತು. ತಿಂಗಳಿಗೆ 1,400 ರೂಪಾಯಿ ಬರುತ್ತಿದ್ದ ಪಿಂಚಣಿ ನಿಂತಿತು. ಒಂಬತ್ತು ತಿಂಗಳು ನಿಂತಿತ್ತು. ಆ ಹಣ ಕೂಡಿಟ್ಟು ಯಂತ್ರಕ್ಕೊಂದು ಇನ್ವರ್ಟರ್ ತರಬೇಕೆಂದು ತಾಯಿ ಲೆಕ್ಕ ಹಾಕಿದ್ದರು, ರಾತ್ರಿ ಕರೆಂಟ್ ಹೋಗುತ್ತದೆಂದು.

ಒಂದು ದಿನ ತಾಯಿ ಅವನನ್ನು ಆಟೊದಲ್ಲಿ ಮಲಗಿಸಿಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದರು. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಸ್ವೀಕೃತಿ ಚೀಟಿಯ ಮೊಹರು ನಿಮಗೆ ಹೇಳುತ್ತದೆ. ಪಿಂಚಣಿಯ ವಿಭಾಗ ಮೊದಲ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಕೆಳಗೆ ಇಳಿದು ಬಂದು ನೋಡಿ ಎಂದು ತಾಯಿ ಎರಡು ಬಾರಿ ಮೇಲೆ ಹೋಗಿ ಕೈಮುಗಿದು ಕೇಳಿದರು. ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಆಟೊ ಚಾಲಕರು, ಪಹಣಿಗಾಗಿ ಬಂದಿದ್ದ ಒಬ್ಬ ರೈತರು ಸೇರಿ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಕತ್ತು ನಿಲ್ಲದ ಹುಡುಗ. ತಾಯಿ ಹಿಂದಿನಿಂದ ತಲೆಯನ್ನು ಹಿಡಿದುಕೊಂಡೇ ಹತ್ತಿದರು. ಮೇಲೆ ಹೋದ ಮೇಲೆ ಸಿಬ್ಬಂದಿ ಹೇಳಿದ್ದು: ವೈದ್ಯಕೀಯ ಮಂಡಳಿಯ ಹೊಸ ಪತ್ರ ಇಲ್ಲದೆ ಏನೂ ಆಗುವುದಿಲ್ಲ, ಈಗ ಕರೆದುಕೊಂಡು ಹೋಗಿ, "ಹುಡುಗನಿಗೆ ಸ್ವಲ್ಪ ಹುಷಾರಾದ ಮೇಲೆ ಬನ್ನಿ."

ಹುಷಾರಾದ ಮೇಲೆ. ಈ ಮಾತನ್ನು ತಾಯಿ ನನಗೆ ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನನ್ನಲ್ಲಿದೆ. ಬಹಳ ಇದೆ.

ಆ ಸಂಜೆ ಅವನು ತನ್ನ ಎರಡೂ ದಾಳಿಗಳನ್ನು ಮಾಡಿದ. ಕಚೇರಿಯ ವಿಷಯ ಎತ್ತಲಿಲ್ಲ. "ಇಂದು ಹೊರಗೆ ಹೋಗಿದ್ದೆ. ಎಷ್ಟೋ ದಿನದ ನಂತರ ನಾಲೆ ಏರಿಯ ಮೇಲಿಂದ ಕಬ್ಬಿನ ಗದ್ದೆ ನೋಡಿದೆ" ಎಂದು ಮಾತ್ರ ಬರೆದಿದ್ದ. ಆ ಸಂದೇಶ ಇನ್ನೂ ನನ್ನ ಮೊಬೈಲ್‌ನಲ್ಲಿದೆ.

ಮನೆಗೆ ಹೋಗಲು ನಿಯಮದಲ್ಲಿ ಅವಕಾಶವಿಲ್ಲ ಎನ್ನಬೇಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಹುಡುಗ ಮನೆಯಿಂದಲೇ ಮತ ಹಾಕಿದ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ 12-ಡಿ ನಮೂನೆ ತುಂಬಿಸಿಕೊಂಡು ನಿಮ್ಮ ಆಡಳಿತವೇ ಅಧಿಕಾರಿಗಳು, ಪೊಲೀಸರು, ವಿಡಿಯೊ ಚಿತ್ರೀಕರಿಸುವವರು ಎಲ್ಲರನ್ನೂ ಆ ಹಳ್ಳಿಗೆ ಕಳುಹಿಸಿತು. ಹಾಸಿಗೆಯ ಸುತ್ತ ಮರೆ ಕಟ್ಟಿ, ಗೌರವದಿಂದ ಅವನ ಮತ ಪಡೆದರು. ಅವನು ನಮ್ಮ ತಂಡದಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದ; ಮನೆಯಿಂದ ಏಕೆ ಎಂದು ಮಾತ್ರ ಹೇಳಿರಲಿಲ್ಲ. ಮತಕ್ಕಾಗಿ ಸಿಕ್ಕ ದಾರಿ ಪಿಂಚಣಿಗೆ ಏಕೆ ಸಿಗಲಿಲ್ಲ? ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುವ ರಾಜ್ಯ ಇದು. ಅವರ ಜೊತೆಗೆ ಒಬ್ಬ ವೈದ್ಯರನ್ನೂ ಬೆರಳ ಗುರುತು ಪಡೆಯುವ ಯಂತ್ರವನ್ನೂ ತಿಂಗಳಿಗೆ ಒಂದು ದಿನ ಕಳುಹಿಸಿ. ಮನೆಗೆ ಹೋಗಿ.

ಕೊನೆಯ ಯುದ್ಧದಲ್ಲಿ ಅವನ ಒಂದು ದಾಳಿ ಉಳಿದುಹೋಯಿತು. ಅವಧಿ ಮುಗಿಯುವವರೆಗೂ ನಾವೆಲ್ಲ ಕಾದೆವು. ಕೋಲಾರದ ಹುಡುಗ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದಾಗ ಇವನಿಂದ ರಾತ್ರಿ ಪಾಠ ಹೇಳಿಸಿಕೊಂಡು ಪಾಸಾದವನು, ಅಳುತ್ತಾ ನನಗೆ ಕರೆ ಮಾಡಿದ. ಮರುದಿನ ನನ್ನ ಸ್ನೇಹಿತನ ಸಂಖ್ಯೆಯಿಂದ ಅವನ ತಾಯಿಯೇ ಮಾತನಾಡಿದರು. ಕರೆಂಟ್ ಹೋದದ್ದರಿಂದಲೇ ಹೋದ ಎಂದು ನಾನು ಹೇಳುವುದಿಲ್ಲ. ಹೃದಯ ನಿಂತಿತು ಎಂದು ವೈದ್ಯರು ಹೇಳಿದರಂತೆ. ಈ ರೋಗದಲ್ಲಿ ಹಾಗೇ ಆಗುತ್ತದೆ.

ಹಾಲು-ತುಪ್ಪದ ದಿನ ನಾವು ನಾಲ್ವರು ಹೋದೆವು. ಮೈಸೂರಿನಿಂದ ಮಂಡ್ಯ ನಲವತ್ತೈದು ಕಿಲೋಮೀಟರ್; ಆರು ವರ್ಷ "ಬರುತ್ತೇನೆ" ಎಂದಾಗಲೆಲ್ಲ ಅವನು ಏನಾದರೂ ನೆಪ ಹೇಳುತ್ತಿದ್ದ, ನಾನೂ ಒಪ್ಪಿಕೊಂಡುಬಿಡುತ್ತಿದ್ದೆ. ಅದು ನನ್ನ ತಪ್ಪು, ಸಾಯುವವರೆಗೂ ಕಾಡುತ್ತದೆ. "ಇವನನ್ನು ಹುಡುಕಿಕೊಂಡು ಇಷ್ಟು ದೂರದಿಂದ ಬಂದಿರಾ?" ಎಂದು ತಾಯಿ ನಮ್ಮ ಕೈ ಹಿಡಿದುಕೊಂಡು ಕೇಳಿದರು. ನಾರ್ವೆಯ ಮಾಟ್ಸ್ ಸ್ಟೇನ್ ಎಂಬ ಯುವಕ ಇದೇ ರೋಗದಿಂದ 2014ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೇ ಆಗಿತ್ತೆಂದು ನಂತರ ಓದಿದೆ. ಮಗನಿಗೆ ಆಟದ ಲೋಕದಲ್ಲಿ ಅಷ್ಟು ಮಂದಿ ಆಪ್ತರಿದ್ದರೆಂದು ಹೆತ್ತವರಿಗೆ ತಿಳಿದದ್ದು ಅವನು ಹೋದ ಮೇಲೆ. ಆದರೆ ಅವನಿಗೆ ಹಗಲೂ ರಾತ್ರಿ ನೋಡಿಕೊಳ್ಳುವ ಆರೈಕೆದಾರರಿದ್ದರು. ಇಲ್ಲಿ ಒಬ್ಬ ತಾಯಿ ಹತ್ತು ವರ್ಷ ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ನಿದ್ದೆ ಮಾಡಲಿಲ್ಲ.

ಬಾಕಿ ಪಿಂಚಣಿ ಈಗ ಅವರಿಗೆ ಬೇಡವಂತೆ. ಅದನ್ನು ಕೇಳಲು ನಾನು ಬರೆಯುತ್ತಿಲ್ಲ.

ಈ ರೋಗ ಹೆಚ್ಚಾಗಿ ತಾಯಿಯ ಕಡೆಯಿಂದ ಬರುವಂಥದ್ದು. ಅವರ ತಂಗಿಯ ಮಗನಿಗೂ ಇದೆ. ಹನ್ನೊಂದು ವರ್ಷ, ಇದೇ ಜಿಲ್ಲೆ, ನಡೆಯುವುದು ಈ ಬೇಸಿಗೆಗೆ ನಿಂತಿದೆ. ಅವನ ಪ್ರಮಾಣಪತ್ರದ ಅವಧಿ ಬರುವ ತಿಂಗಳು ಮುಗಿಯುತ್ತದೆ. ವಿಳಾಸವನ್ನು ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಆ ಮನೆಗೆ ಎರಡು ಮೆಟ್ಟಿಲು ಮಾತ್ರ ಇವೆ. ಅಷ್ಟರೊಳಗೆ ಯಾರನ್ನಾದರೂ ಕಳುಹಿಸಿ.

ಇತಿ,
ಮೈಸೂರಿನ ಒಬ್ಬ ನಾಗರಿಕ