ಹೂ ನೋಡಲೂ ಹೊತ್ತು ಬೇಕು

ಮಾನ್ಯ ಸಂಪಾದಕರೇ,

ಉದ್ಯಾನಗಳಲ್ಲಿ ಈಗ ಹೂ ನೋಡುವವರಿಗಿಂತ ಹೂವಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ತೆಗೆಸಿಕೊಳ್ಳಲಿ, ತಕರಾರಿಲ್ಲ. ಆದರೆ ಸೂರ್ಯಕಾಂತಿ ಒಂದೇ ಹೂವಲ್ಲ, ನೂರಾರು ಪುಟ್ಟ ಹೂಗಳ ಗುಂಪು ಎಂಬುದು ಬಗ್ಗಿ ನೋಡಿದವರಿಗಷ್ಟೇ ಕಾಣುತ್ತದೆ. ಕೊತ್ತಂಬರಿಯನ್ನು ಕೀಳದೆ ಹೂ ಬಿಡಲು ಬಿಟ್ಟರೆ, ಗೊಂಚಲಿನ ಅಂಚಿನ ಎಸಳುಗಳು ಮಾತ್ರ ದೊಡ್ಡದಾಗಿ ಹೊರಚಾಚಿ ಕೀಟಗಳನ್ನು ಕರೆಯುತ್ತವೆ. ಹೂ ಅರಳಿ ಮುಚ್ಚುವ ವೇಳೆಯಿಂದಲೇ ಗಂಟೆ ತಿಳಿಯುವ ‘ಹೂಗಡಿಯಾರ’ದ ಕಲ್ಪನೆಯನ್ನು ಸಸ್ಯವಿಜ್ಞಾನಿ ಲಿನೇಯಸ್ 1751ರಲ್ಲೇ ಮುಂದಿಟ್ಟಿದ್ದರು. ಉದ್ಯಾನದ ಫಲಕಗಳಲ್ಲಿ ‘ಹೂ ಕೀಳಬೇಡಿ’ ಎಂಬುದರ ಜತೆಗೆ ಗಿಡದ ಹೆಸರು, ಅದು ಅರಳುವ ಹೊತ್ತು, ಅದನ್ನು ಅರಸಿ ಬರುವ ಕೀಟಗಳ ವಿವರವನ್ನೂ ಬರೆಸಬೇಕು. ಮರಕ್ಕೆ ಮೊಳೆ ಹೊಡೆದಲ್ಲ, ಪಕ್ಕದಲ್ಲಿ ಕಂಬ ನೆಟ್ಟು.

– ಓರ್ವ ಓದುಗ