ಗೆಳೆಯನಿಗೊಂದು ಪತ್ರ: ಉತ್ತರ ಬಾರದ ಪಾವತಿ

ವಿದ್ಯಾನಗರ, ದಾವಣಗೆರೆ

ಪ್ರಿಯ ಗೆಳೆಯ,

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ಊರಿನಿಂದಲೇ ಹಣಕಾಸು ಕಂಪನಿಯೊಂದರ ಫುಲ್‌ಸ್ಟಾಕ್ ಕೆಲಸ (ಗ್ರಾಹಕರು ನೋಡುವ ಪರದೆಯಿಂದ ಹಿಂದಿನ ಸರ್ವರಿನವರೆಗೆ ಎಲ್ಲದಕ್ಕೂ ಕೋಡ್ ಬರೆಯುವುದು) ಮಾಡಬಹುದೇ ಎಂದು ನೀನು ಕೇಳಿದ್ದೆ. ನಾಲ್ಕು ವರ್ಷಗಳಿಂದ ನಾನು ಮಾಡುತ್ತಿರುವುದು ಅದನ್ನೇ. ತಿಂಗಳಿಗೆ ಎರಡು ದಿನ ಮಾತ್ರ ರೈಲು ಹತ್ತಿ ಕಚೇರಿಗೆ ಹೋಗುತ್ತೇನೆ. ಕರೆಂಟು, ಇಂಟರ್ನೆಟ್ಟುಗಳ ಚಿಂತೆ ಬೇಡ, ಯುಪಿಎಸ್ ಮತ್ತು ಎರಡು ಸಂಪರ್ಕಗಳಿದ್ದರೆ ಸಾಕು. ಕಷ್ಟವಿರುವುದು ಬೇರೆ ಕಡೆ.

ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದನ್ನು ಕಾಲೇಜಿನಲ್ಲಿ ಕುತೂಹಲಕ್ಕೆ ನೋಡಿದ್ದೆವು. ಆ ಕಾರಣಕ್ಕೇ ಇಲ್ಲಿ ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಡುತ್ತೇವೆ. ಇದನ್ನು ಒಂದು ದಿನದಲ್ಲಿ ಕಲಿಯಬಹುದು. ನನಗೆ ನಿಜವಾಗಿ ಪಾಠ ಕಲಿಸಿದ್ದು ನಾನೇ ಬರೆದ, ಪಾವತಿ ಮಾಡುವ ಗ್ರಾಹಕರಿಗೆ ಕಾಣುವ ಒಂದು ಪರದೆ. ಬ್ಯಾಂಕಿನ ಕಡೆಯಿಂದ ಮೂವತ್ತು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ 'ಪಾವತಿ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ' ಎಂದು ಅದು ತೋರಿಸುತ್ತಿತ್ತು. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಹಣ ಹೋಗಲಿಲ್ಲ ಎಂದು ಅರ್ಥವಲ್ಲ. ಮರುದಿನ ಬೆಳಿಗ್ಗೆ ಬ್ಯಾಂಕಿನ ಪಟ್ಟಿಯೊಂದಿಗೆ ನಮ್ಮ ಲೆಕ್ಕ ತಾಳೆ ಹಾಕಿದಾಗ, ಹನ್ನೊಂದು ಜನರ ಸಾಲದ ಕಂತು ಎರಡೆರಡು ಬಾರಿ ಕಡಿತವಾಗಿತ್ತು. ತಿಂಗಳ ಮೊದಲ ವಾರದಲ್ಲಿ ಎರಡನೆಯ ಕಂತಿನಷ್ಟು ಹಣ ಕಳೆದುಕೊಂಡ ಮನೆಯಲ್ಲಿ ಏನಾಗುತ್ತದೆ ಎಂಬುದು ನಿನಗೂ ನನಗೂ ಗೊತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಈಗ ಗ್ರಾಹಕರು ಗುಂಡಿ ಒತ್ತಿದ ಮೊದಲ ಕ್ಷಣದಲ್ಲೇ ಆ ಪಾವತಿಗೊಂದು ವಿಶಿಷ್ಟ ಸಂಖ್ಯೆ ಹುಟ್ಟುತ್ತದೆ. ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಹೋಗುವುದರಿಂದ ಸರ್ವರ್ ಎರಡನೆಯ ಕೋರಿಕೆಯನ್ನು ಹೊಸ ಪಾವತಿಯೆಂದು ಎಣಿಸುವುದಿಲ್ಲ. ಉತ್ತರ ಬಾರದಿದ್ದರೆ ಪರದೆ 'ವಿಫಲ' ಎನ್ನದೆ 'ಪರಿಶೀಲನೆಯಲ್ಲಿದೆ' ಎನ್ನುತ್ತದೆ. ಕಡಿತವಾಗಿದ್ದ ಹಣವನ್ನು ಹಿಂದಿರುಗಿಸಿದಾಗಲೂ ಹಳೆಯ ನಮೂದನ್ನು ಅಳಿಸದೆ ವಿರುದ್ಧ ನಮೂದು (ಕಡಿತಕ್ಕೆ ಎದುರಾಗಿ ಅಷ್ಟೇ ಮೊತ್ತದ ಜಮೆ) ಬರೆದೆವು. ನಿಮ್ಮ ತಂದೆಯವರು ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವಾಗ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

ದೂರದಿಂದ ದುಡಿಯುವುದು ಇಂಥ ಕೆಲಸಕ್ಕೆ ತೊಡಕು ಎಂದು ಹಲವರು ಹೇಳುತ್ತಾರೆ. ನನ್ನ ಅನುಭವ ಹಾಗಿಲ್ಲ. ಪಕ್ಕದ ಕುರ್ಚಿಯವರನ್ನು ಕೇಳುವ ಅವಕಾಶ ಇಲ್ಲದ ಕಾರಣ, ಪ್ರತಿ ಬದಲಾವಣೆಯನ್ನು ಏಕೆ ಮಾಡಿದೆವು, ಯಾರು ಪರಿಶೀಲಿಸಿದರು ಎಂಬುದನ್ನು ಬರೆದಿಡಲೇಬೇಕಾಗುತ್ತದೆ. ಲೆಕ್ಕಪರಿಶೋಧಕರು ಬಂದಾಗ ಕೇಳುವುದೂ ಅದನ್ನೇ. ಗ್ರಾಹಕರ ನಿಜವಾದ ದತ್ತಾಂಶ ನನ್ನ ಲ್ಯಾಪ್‌ಟಾಪಿಗೆ ಬರುವುದಿಲ್ಲ, ಬರಲೂಬಾರದು. ಹೋಟೆಲಿನ ವೈಫೈಯಲ್ಲಿ ಕುಳಿತು ಕೆಲಸ ಮಾಡುವ ಆಸೆಯಿದ್ದರೆ ಈಗಲೇ ಬಿಡು.

ಇನ್ನು ಸಂಬಳದ ಮಾತು ನಂತರ ಆಡೋಣ. ಖಾತೆಯಿಂದ ಖಾತೆಗೆ ಯುಪಿಐ ಮೂಲಕ ಕಳುಹಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರಲ್ಲೇ ಹೇಳಿದೆ. ಸಂದರ್ಶನದಲ್ಲಿ ಮೊದಲು ಇದನ್ನು ಕೇಳು: ನಿಮ್ಮಲ್ಲಿ ಉತ್ತರ ಬಾರದ ಪಾವತಿಗಳನ್ನು ಪ್ರತಿದಿನ ಯಾರು, ಎಷ್ಟು ಹೊತ್ತಿಗೆ ತಾಳೆ ನೋಡುತ್ತಾರೆ? ಅವರು ಕೊಟ್ಟ ಉತ್ತರವನ್ನು ನನಗೆ ಬರೆದು ಕಳುಹಿಸು.

ನಿನ್ನ ಗೆಳೆಯ